ಬಡವರಿಂದಲೂ ಹಣ ಕೇಳುವುದು ಸರಿಯೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನೈರೋಬಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿನ ಸಮುದಾಯ ಪ್ರತಿಷ್ಠಾನಗಳು ಹಳ್ಳಿಯವರಿಂದಲೂ ಹಣ ಕೂಡಿಸುತ್ತವೆ ಎಂದು ತಿಳಿಯಿತು. ವಿದೇಶಿ ದಾನಿಗಳಿರುವಾಗ ಬಡವರ ಮುಂದೆ ಏಕೆ ಕೈಚಾಚಬೇಕು?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೂ ಈ ವಿಷಯದಲ್ಲಿ ನಾನು ಹಣ ಕೂಡಿಸುವವರ ಪರ.

ಶಾಲೆಯ ದತ್ತಿ ಬಹುಮಾನವನ್ನು ನೆನಪಿಸಿಕೊಳ್ಳಿ. ಯಾರೋ ತಾಯಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಹಣ ಇಡುತ್ತಾರೆ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಪ್ರತಿವರ್ಷ ಕನ್ನಡದಲ್ಲಿ ಹೆಚ್ಚು ಅಂಕ ಪಡೆದ ಹುಡುಗಿಗೆ ಬಹುಮಾನ. ಇಟ್ಟವರು ತೀರಿಕೊಂಡರೂ ಅದು ನಿಲ್ಲುವುದಿಲ್ಲ. ಇಡೀ ಊರಿಗಾಗಿ ಹಲವರು ಸೇರಿ ಇಂಥ ಇಡುಗಂಟು ಮಾಡಿದರೆ ಅದೇ ಸಮುದಾಯ ಪ್ರತಿಷ್ಠಾನ. ಮೊದಲನೆಯದನ್ನು 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕರ್ ಕಟ್ಟಿದರು. ಸತ್ತವರು ಬರೆದಿಟ್ಟ ಹಳೆಯ ಷರತ್ತುಗಳಿಗೆ ದಾನದ ಹಣ ಕಟ್ಟುಬೀಳಬಾರದು, ಇಂದಿನ ಅಗತ್ಯವನ್ನು ಇಂದಿನ ಊರವರೇ ನಿರ್ಧರಿಸಬೇಕು ಎಂಬುದು ಅವರ ಆಲೋಚನೆ.

ವಿದೇಶಿ ನೆರವು ಹೆಚ್ಚಾಗಿ ಯೋಜನೆಯ ಲೆಕ್ಕದಲ್ಲಿ ಬರುತ್ತದೆ: ಇಷ್ಟು ವರ್ಷ, ಇಂಥದ್ದೇ ಕೆಲಸ. ಅವಧಿ ಮುಗಿದ ಮೇಲೆ ಕೈಪಂಪಿನ ವಾಷರ್ ಸವೆದರೆ ಯಾವ ಬಾಬಿನಲ್ಲೂ ಹಣವಿರುವುದಿಲ್ಲ. ಕೊಡಪಾನ ಹೊತ್ತ ಹೆಂಗಸರು ಮತ್ತೆ ಹಳ್ಳದ ದಾರಿ ಹಿಡಿಯುತ್ತಾರೆ. ಊರಿನದೇ ನಿಧಿಯಿದ್ದರೆ ಯಾವ ದೇಶದ ಅಪ್ಪಣೆಗೂ ಕಾಯಬೇಕಿಲ್ಲ.

1997ರಲ್ಲಿ ಅಲ್ಲಿ ಶುರುವಾದ ಇಂಥದ್ದೇ ಪ್ರತಿಷ್ಠಾನ ಕೆನ್ಯಾ ಕಮ್ಯುನಿಟಿ ಡೆವಲಪ್‌ಮೆಂಟ್ ಫೌಂಡೇಶನ್‌ಗೂ ಆರಂಭದಲ್ಲಿ ಬಲ ಕೊಟ್ಟದ್ದು ಫೋರ್ಡ್ ಮತ್ತು ಆಗಾ ಖಾನ್ ಪ್ರತಿಷ್ಠಾನಗಳೆಂಬ ಹೊರಗಿನ ದಾನಿಗಳೇ. ಹೊರಗಿನ ಹಣ ಬೇಡವೆಂದು ಕೆನ್ಯಾದ ಆ ಸಂಸ್ಥೆಯವರು ಹೇಳಲಿಲ್ಲ; ಅದರ ಜೊತೆಗೆ ಊರಿನ ಪಾಲೂ ಸೇರಬೇಕೆಂದರು. ಹಣ ಹಾಕಿದವರು ಫಲಾನುಭವಿಗಳಾಗಿ ಕೈಕಟ್ಟಿ ಕೂರುವುದಿಲ್ಲ, ಲೆಕ್ಕ ಕೇಳುತ್ತಾರೆ. ನನ್ನ ಮಟ್ಟಿಗೆ ಅಲ್ಲಿ ಸೇರುವ ಶಿಲ್ಲಿಂಗ್‌ಗಿಂತ ಈ ಕೇಳುವ ಹಕ್ಕು ದೊಡ್ಡದು.

ಕೆನ್ಯಾದವರಿಗೆ ಇದು ಹೊಸತೂ ಅಲ್ಲ. ಎಲ್ಲರೂ ಕೈಗೂಡಿಸಿ ಎಳೆಯೋಣ ಎಂಬರ್ಥದ ‘ಹರಂಬೆ’ ಅವರ ರಾಷ್ಟ್ರಲಾಂಛನದಲ್ಲೇ ಇದೆ. ಸ್ವಾತಂತ್ರ್ಯಾನಂತರ ಎಷ್ಟೋ ಶಾಲೆಗಳು ಎದ್ದದ್ದು ಹಾಗೆಯೇ. ಮುಂದೆ ರಾಜಕಾರಣಿಗಳು ಅದನ್ನು ಮತ ಗಳಿಸುವ ವೇದಿಕೆ ಮಾಡಿಕೊಂಡಾಗ, ಒತ್ತಾಯದ ವಂತಿಗೆಯ ಬಗ್ಗೆ ಜನ ಬೇಸತ್ತರು. ನಿಮ್ಮ ಅನುಮಾನಕ್ಕೆ ಆಧಾರವಿರುವುದು ಇಲ್ಲಿ.

ಹಾಗಾಗಿ ಮುಂದಿನ ಸಲ ಹೋದಾಗ ಎರಡು ವಿಷಯ ವಿಚಾರಿಸಿ. ಕೊಡಲಾಗದವರು ಧಾನ್ಯವನ್ನೋ ಒಂದು ದಿನದ ದುಡಿಮೆಯನ್ನೋ ಕೊಟ್ಟರೆ ಅದನ್ನೂ ಪಾಲೆಂದು ಬರೆದುಕೊಳ್ಳುತ್ತಾರೆಯೇ? ವರ್ಷದ ಲೆಕ್ಕವನ್ನು ಊರವರ ಎದುರು, ಅವರ ಭಾಷೆಯಲ್ಲಿ ಓದಿ ಹೇಳುತ್ತಾರೆಯೇ? ಎರಡಕ್ಕೂ ಹೌದು ಎಂದರೆ ನಿಮ್ಮ ಪಾಲನ್ನೂ ನಿಶ್ಚಿಂತೆಯಿಂದ ಸೇರಿಸಿ.