ಲೋಹದ ಹಿಡಿತದಲ್ಲಿ ಕಾರ್ಬನ್ ಮಾನಾಕ್ಸೈಡ್

ಪ್ರಶ್ನೆ: ಆರ್ಗನೊಲಿಥಿಯಂ ಸಂಯುಕ್ತವನ್ನು (ಇಂಗಾಲಕ್ಕೆ ಲಿಥಿಯಂ ಅಂಟಿದ ಸಂಯುಕ್ತ) ಕಬ್ಬಿಣದ ಪೆಂಟಾಕಾರ್ಬೊನಿಲ್ (ಕಬ್ಬಿಣಕ್ಕೆ ಐದು ಕಾರ್ಬನ್ ಮಾನಾಕ್ಸೈಡ್ ಅಣುಗಳು ಅಂಟಿದ ಸಂಯುಕ್ತ) ಜೊತೆ ವರ್ತಿಸಲು ಬಿಟ್ಟು, ಬಳಿಕ ಆಮ್ಲ ಸೇರಿಸಿದರೆ ಆಲ್ಡಿಹೈಡ್ ದೊರೆಯುತ್ತದೆ ಎಂದು ಪಠ್ಯದಲ್ಲಿದೆ. ಕಾರ್ಬನ್ ಮಾನಾಕ್ಸೈಡ್ ಅನಿಲವನ್ನೇ ನೇರವಾಗಿ ಹಾಯಿಸಿದರೆ ಸಾಲದೇ? ಈ ಪ್ರಯೋಗವನ್ನು ನಮ್ಮ ಕಾಲೇಜಿನಲ್ಲಿ ಮಾಡಬಹುದೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ತುಮಕೂರು

ಉತ್ತರ: ಅನಿಲವನ್ನು ನೇರವಾಗಿ ಹಾಯಿಸಿದರೂ ಕ್ರಿಯೆ ನಡೆಯುತ್ತದೆ, ನಿಲ್ಲುವುದಿಲ್ಲ ಎಂಬುದೇ ತೊಂದರೆ. ಮೊದಲು ಹುಟ್ಟುವ ಅಸೈಲ್‌ಲಿಥಿಯಂ (ಕಾರ್ಬನ್ ಮಾನಾಕ್ಸೈಡ್ ಸೇರಿದ ಇಂಗಾಲದ ಗುಂಪಿಗೆ, ಅಂದರೆ ಅಸೈಲ್ ಗುಂಪಿಗೆ, ಲಿಥಿಯಂ ಅಂಟಿದ್ದು) ವಿಪರೀತ ಚುರುಕಾದದ್ದು. ಅದು ಪಾತ್ರೆಯಲ್ಲಿ ಸಿಕ್ಕಿದ್ದರ ಜೊತೆಗೆಲ್ಲ ವರ್ತಿಸುವುದರಿಂದ, ಅತಿ ಕಡಿಮೆ ಉಷ್ಣಾಂಶದಲ್ಲಿ ಹುಟ್ಟಿದ ಕ್ಷಣವೇ ಬೇರೊಂದು ವಸ್ತುವಿನಿಂದ ಅದನ್ನು ಹಿಡಿದುಕೊಳ್ಳದಿದ್ದರೆ ಕೊನೆಗೆ ಉಳಿಯುವುದು ಹಲವು ಉತ್ಪನ್ನಗಳ ಕಲಸುಮೇಲೋಗರ.

ಲೋಹವು ಇಲ್ಲಿ ಎರಡು ಕೆಲಸ ಮಾಡುತ್ತದೆ. ಕಬ್ಬಿಣಕ್ಕೆ ಅಂಟಿಕೊಂಡ ಕಾರ್ಬನ್ ಮಾನಾಕ್ಸೈಡಿನ ಇಂಗಾಲಕ್ಕೆ ಎಲೆಕ್ಟ್ರಾನ್‌ಗಳ ಕೊರತೆ ಹೆಚ್ಚುತ್ತದೆಯಾದ್ದರಿಂದ ಲಿಥಿಯಂ ಸಂಯುಕ್ತದ ಆಲ್ಕೈಲ್ ಅಥವಾ ಅರೈಲ್ ಗುಂಪು ಅಲ್ಲಿಗೇ ಬಂದು ಸೇರುತ್ತದೆ. ಹಾಗೆ ಉಂಟಾದ ಅಸೈಲ್‌ಫೆರೇಟ್‌ನ (ಕಬ್ಬಿಣಕ್ಕೆ ಅಸೈಲ್ ಗುಂಪು ಅಂಟಿದ ಅಯಾನಿನ) ಋಣಾವೇಶವನ್ನು ಕಬ್ಬಿಣವೂ ಉಳಿದ ನಾಲ್ಕು ಕಾರ್ಬೊನಿಲ್‌ಗಳೂ ಹಂಚಿಕೊಳ್ಳುವುದರಿಂದ ಎರಡನೆಯ ಆಕ್ರಮಣಕ್ಕೆ ಆಸ್ಪದ ಉಳಿಯುವುದಿಲ್ಲ. ಎಸ್ಟರ್‌ಗೆ ಗ್ರಿನ್ಯಾರ್ ಕಾರಕ ಹಾಕಿದಾಗ ಕೀಟೋನ್‌ನಲ್ಲಿ ನಿಲ್ಲದೆ ತೃತೀಯಕ ಆಲ್ಕೊಹಾಲ್‌ವರೆಗೆ ಓಡುವುದನ್ನು ನೀವು ಪದವಿ ತರಗತಿಯಲ್ಲೇ ಓದಿರುತ್ತೀರಿ. ಅಲ್ಲಿ ಇಲ್ಲದ ಕಾವಲು ಇಲ್ಲಿದೆ. ಆಮ್ಲ ಸೇರಿಸಿದಾಗ ಮಾತ್ರ ಕಬ್ಬಿಣವು ಅಸೈಲ್ ಗುಂಪನ್ನು ಆಲ್ಡಿಹೈಡ್ ರೂಪದಲ್ಲಿ ಬಿಟ್ಟುಕೊಡುತ್ತದೆ.

ಕಾಲ್‌ಮನ್ ಕಾರಕವೆಂದು ಹೆಸರಾದ ಡೈಸೋಡಿಯಂ ಟೆಟ್ರಾಕಾರ್ಬೊನಿಲ್‌ಫೆರೇಟ್ ಇದೇ ಅಸೈಲ್‌ಫೆರೇಟ್ ಅನ್ನು ಇನ್ನೊಂದು ದಿಕ್ಕಿನಿಂದ ತಲುಪುತ್ತದೆ: ಆಲ್ಕೈಲ್ ಹ್ಯಾಲೈಡ್‌ನ ಆಲ್ಕೈಲ್ ಗುಂಪು ಮೊದಲು ಕಬ್ಬಿಣಕ್ಕೇ ಸೇರಿ, ಬಳಿಕ ಪಕ್ಕದ ಕಾರ್ಬೊನಿಲ್‌ಗೆ ವಲಸೆ ಹೋಗುತ್ತದೆ. ನಿಕಲ್ ಕಾರ್ಬೊನಿಲ್ ಬಳಸಿದರೆ ಅಸೈಲ್ ಗುಂಪನ್ನು ಅಸಂತೃಪ್ತ ಕೀಟೋನ್‌ನ ದ್ವಿಬಂಧದ ದೂರದ ತುದಿಗೆ ಸೇರಿಸಬಹುದು.

ಲೋಹಕ್ಕೆ ಅಂಟಿದ ಅಸೈಲ್ ಗುಂಪಿನ ಆಮ್ಲಜನಕಕ್ಕೆ ಮೀಥೈಲ್ ಗುಂಪು ಸೇರಿದರೆ ಕಥೆಯೇ ಬೇರೆ. 1964ರಲ್ಲಿ ರಸಾಯನಶಾಸ್ತ್ರಜ್ಞರಾದ ಫಿಷರ್ ಮತ್ತು ಮಾಸ್‌ಬೋಲ್ ಟಂಗ್‌ಸ್ಟನ್ ಹೆಕ್ಸಾಕಾರ್ಬೊನಿಲ್‌ನಿಂದ ಈ ಬಗೆಯ ಕಾರ್ಬೀನ್ ಸಂಕೀರ್ಣಗಳನ್ನು (ಲೋಹಕ್ಕೂ ಇಂಗಾಲಕ್ಕೂ ನಡುವೆ ದ್ವಿಬಂಧವಿರುವ ಸಂಯುಕ್ತಗಳನ್ನು) ಮೊದಲು ಪಡೆದರು. (ಫಿಷರ್ 1973ರಲ್ಲಿ ನೊಬೆಲ್ ಹಂಚಿಕೊಂಡದ್ದು ಇದಕ್ಕಲ್ಲ, ಎರಡು ಉಂಗುರಗಳ ನಡುವೆ ಲೋಹದ ಪರಮಾಣು ಕೂತ ಸ್ಯಾಂಡ್‌ವಿಚ್ ಸಂಯುಕ್ತಗಳಿಗೆ.) 1975ರಲ್ಲಿ ಡೋಟ್ಜ್ ಕ್ರೋಮಿಯಂ ಕಾರ್ಬೀನ್‌ಗೆ ಆಲ್ಕೈನ್ ಸೇರಿಸಿದಾಗ ನ್ಯಾಫ್ಥಾಲ್ ಉಂಗುರವೇ ಕಟ್ಟಿಕೊಂಡಿತು, ನನ್ನ ಮಟ್ಟಿಗೆ ಈ ಇಡೀ ಅಧ್ಯಾಯದಲ್ಲಿ ಅತ್ಯಂತ ಚೆಲುವಾದ ಕ್ರಿಯೆ ಅದೇ.

ಕಾಲೇಜಿನಲ್ಲಿ ಮಾಡಬಹುದೇ ಎಂದರೆ, ಬೇಡ. ನಿಕಲ್ ಟೆಟ್ರಾಕಾರ್ಬೊನಿಲ್ ಕುದಿಯುವುದು ಸುಮಾರು 43 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ತುಮಕೂರಿನ ಏಪ್ರಿಲ್ ಮಧ್ಯಾಹ್ನಕ್ಕಿಂತ ಕೆಲವೇ ಡಿಗ್ರಿ ಮೇಲೆ. ಅದರ ಆವಿ ಮಾರಣಾಂತಿಕ ವಿಷ. ಕಬ್ಬಿಣದ ಪೆಂಟಾಕಾರ್ಬೊನಿಲ್ 103 ಡಿಗ್ರಿಯಲ್ಲಿ ಕುದಿಯುತ್ತದೆಯಾದರೂ ಅದೂ ವಿಷಕಾರಿಯೇ, ಬೆಂಕಿಗೂ ಸುಲಭವಾಗಿ ತುತ್ತಾಗುತ್ತದೆ. ಗಾಳಿ ಮತ್ತು ತೇವಾಂಶ ತಾಗದ ಜಡ ಅನಿಲದ ವ್ಯವಸ್ಥೆ, ವಿಷಾನಿಲವನ್ನು ಸರಿಯಾಗಿ ಹೊರಗೆಳೆಯುವ ಫ್ಯೂಮ್ ಹುಡ್ ಹಾಗೂ ಅನುಭವಿ ಮಾರ್ಗದರ್ಶಕರು ಇರುವ ಸಂಶೋಧನಾಲಯ ಸಿಗುವವರೆಗೆ ಇದನ್ನು ಕಾಗದದ ಮೇಲೆ ಬಾಣಗಳನ್ನು ಎಳೆದೇ ಅಭ್ಯಾಸ ಮಾಡಿ.