ಅರ್ಧ ಒಂದು ಥರ, ಇನ್ನರ್ಧ ಮತ್ತೊಂದು ಥರ

ಪ್ರಶ್ನೆ: ಬರೋಕ್ ಕಾಲದ (ಸುಮಾರು 17–18ನೇ ಶತಮಾನ) ರೋಮ್‌ನ ಬೆಳ್ಳಿ ಕೆಲಸದ ರೇಖಾಚಿತ್ರವೊಂದರಲ್ಲಿ, ಬಲಿಪೂಜೆಯ ಚಾಲಿಸ್ ಪಾತ್ರೆಯ ಎಡಕ್ಕೆ ದೇವದೂತರ ತಲೆಗಳಿವೆ, ಬಲಕ್ಕೆ ಬರೀ ಎಲೆಬಳ್ಳಿ. ಪಾತ್ರೆಯನ್ನೇ ಹಾಗೆ ಮಾಡುತ್ತಿದ್ದರೇ?

ಉತ್ತರ: ಇಲ್ಲ, ಅದು ಒಂದೇ ಹಾಳೆಯಲ್ಲಿ ಗಿರಾಕಿಗೆ ಕೊಟ್ಟ ಎರಡು ಆಯ್ಕೆ. ನಡುಗೆರೆಯ ಮೇಲೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ ನೋಡಿ, ಪೂರ್ತಿ ಪಾತ್ರೆ ಕಾಣುತ್ತದೆ. ಹಾಳೆಯ ಕೆಳಗಿನ ಅಳತೆಪಟ್ಟಿ ರೋಮನ್ ಪಾಲ್ಮೊದಲ್ಲಿದ್ದರೆ, ಒಂದು ಪಾಲ್ಮೊ ಸುಮಾರು 22.3 ಸೆಂ.ಮೀ. ಅದನ್ನು ಅಡಿ ಎಂದುಕೊಂಡರೆ ಪಾತ್ರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ದೊಡ್ಡದಾಗಿಬಿಡುತ್ತದೆ.

ಪ್ರಶ್ನೆ: ಅಂಥದ್ದೇ ಚಿತ್ರ ಬರೆದರೆ ನನ್ನ ಪಾತ್ರೆ ಚಪ್ಪಟೆಯಾಗಿ ಕಾಣುತ್ತದೆ. ಮೇಲೆ ನೀರುಬಣ್ಣ ಬಳಿದರೆ ಗೆರೆಗಳೂ ಕದಡುತ್ತವೆ.

ಉತ್ತರ: ಕದಡುವುದು ಶಾಯಿಯ ತಪ್ಪು. ಆಗಿನವರ ಮಾಚಿಕಾಯಿ–ಕಬ್ಬಿಣದ ಶಾಯಿ ಒಣಗಿದ ಮೇಲೆ ನೀರಿಗೆ ಅಷ್ಟಾಗಿ ಬಿಡುತ್ತಿರಲಿಲ್ಲ. ಮಾಮೂಲಿ ಫೌಂಟನ್ ಪೆನ್ ಶಾಯಿ ಬಿಡುತ್ತದೆ. ವಾಟರ್‌ಪ್ರೂಫ್ ಶಾಯಿ, 300 ಜಿಎಸ್‌ಎಂನ ದಪ್ಪ ಕಾಗದ ಬಳಸಿ. (ಹಳೆಯ ಗೆರೆ ಇಂದು ಕಂದಾಗಿದ್ದರೂ ಬರೆದಾಗ ಕಪ್ಪಾಗಿತ್ತು.)

ಚಪ್ಪಟೆಯಾಗುವುದು ಒಂದೇ ಬಳಿತದಲ್ಲಿ ಮುಗಿಸುವುದರಿಂದ. ಬೆಳಕು ಎಡಮೇಲಿನಿಂದ ಬರುತ್ತದೆಂದು ಇಟ್ಟುಕೊಳ್ಳಿ. ಮೊದಲ ತೆಳು ಬಣ್ಣ ಹೊಳಪಿನ ಜಾಗ ಬಿಟ್ಟು ಎಲ್ಲೆಡೆ. ಆ ಜಾಗದಲ್ಲಿ ಕಾಗದದ ಬಿಳುಪೇ ಬೆಳ್ಳಿ. ಪೂರ್ತಿ ಒಣಗಿದ ಮೇಲೆ ಎರಡನೆಯದು ನೆರಳಿಗೆ. ಮೂರನೆಯದು ಎಲೆಯ ಮಡಿಕೆಗೆ, ಪಾತ್ರೆಯ ಕಾಂಡದ ನಡುವಿನ ಉಬ್ಬುಗಂಟಿನ ಕೆಳಭಾಗಕ್ಕೆ ಮಾತ್ರ, ಕೂದಲೆಳೆಯಷ್ಟು. ಬಲಅಂಚಿಗೆ ಕಪ್ಪು ತಾಗಿಸಬೇಡಿ. ಅಲ್ಲೊಂದು ತಿಳಿಪಟ್ಟಿ ಉಳಿದರೇನೇ ಲೋಹ ದುಂಡಗಾಗುವುದು.

ರೋಮ್‌ನ ಬೆಳ್ಳಿ ಕೆಲಸಗಾರ ಜೊವಾನ್ನಿ ಜಾರ್ಡಿನಿಯ 1714ರ ಮುದ್ರಿತ ವಿನ್ಯಾಸಗಳನ್ನು ನೋಡಿ ಬರೆಯುವುದಾದರೆ ಈ ಲೆಕ್ಕ ಬೇರೆ. ಅವು ತಾಮ್ರದ ಹಲಗೆಯ ಕೆತ್ತನೆ. ನೆರಳೆಲ್ಲ ಒತ್ತೊತ್ತಾಗಿ ಎಳೆದ ಗೆರೆಗಳಲ್ಲೇ ಇದೆ, ಮೇಲೆ ಬಣ್ಣ ಬಳಿದರೆ ಕೆಡುತ್ತದೆ.