ಸಿಸಿಲಿಯನ್ ಕೋರ್ಸ್ ಕೊಳ್ಳುವ ಮುಂಚೆ ಐದನೇ ನಡೆ ನೋಡಿ

ಮಗಳು ಅಂಡರ್-11 ಸ್ಟೇಟ್ ಚೆಸ್‌ನಲ್ಲಿ ಕಪ್ಪು ಕಾಯಿ ಹಿಡಿದು ಟೂ ನೈಟ್ಸ್ ಓಪನಿಂಗ್ ಆಡಿ ಸೋತಳು, ಇನ್ನು ಸಿಸಿಲಿಯನ್ ಅನ್ನೋ ಬೇರೆ ಓಪನಿಂಗ್‌ನ ಕೋರ್ಸ್ ಕೊಡಿಸುತ್ತೇವೆ ಅಂದಿದ್ದೀರಿ. ದಯವಿಟ್ಟು ತಡೆಯಿರಿ. ನೀವು ಹಾಕಿದ ಸ್ಕೋರ್‌ಶೀಟ್ ನೋಡಿದೆ. ಎದುರಾಳಿಯ ಕುದುರೆ ಜಿ5 ಮನೆಗೆ ಬಂತು, ಇವಳು ಡಿ5 ಆಡಿದಳು, ಅವನು ಆ ಪಾನ್ (ಕಾಲಾಳು) ಹೊಡೆದ. ಅಲ್ಲಿವರೆಗೂ ಸರಿ. ಆಮೇಲೆ ಕುದುರೆಯಿಂದ ವಾಪಸ್ ಹೊಡೆದಳಲ್ಲ, ಅಲ್ಲೇ ಫ್ರೈಡ್ ಲಿವರ್ ಅನ್ನೋ ದಾಳಿಗೆ ಸಿಕ್ಕಿದ್ದು.

ಸ್ಕೂಲಲ್ಲಿದ್ದಾಗ ನಾನೂ ಇದನ್ನೇ ತಿಂದವನು. ಎಫ್7ರಲ್ಲಿ ಕುದುರೆ ಬಲಿ ಕೊಟ್ಟ, ರಾಜನಿಂದ ಹೊಡೆದೆ, ಮಂತ್ರಿ ಎಫ್3ಕ್ಕೆ ಬಂದು ಚೆಕ್. ಡಿ5 ಕುದುರೆ ಉಳಿಸೋಕೆ ರಾಜನನ್ನು ಇ6ಕ್ಕೆ ತಂದೆ. ಮೆಜೆಸ್ಟಿಕ್‌ನಲ್ಲಿ ಅಮ್ಮನ ಕೈ ತಪ್ಪಿದ ಮಗುವಿನ ಥರ ನಿಂತಿದ್ದ. ಪಕ್ಕದ ಬೋರ್ಡಿನ ಹುಡುಗ ತನ್ನ ಆಟ ಬಿಟ್ಟು ಎದ್ದು ಬಂದು ನೋಡುತ್ತಿದ್ದ. ಬೆವರಿಗೆ ಶೀಟ್ ಮೇಲಿನ ಇಂಕು ಹರಡಿತ್ತು. ಚೆಸ್ ಎಂಜಿನ್ (ಕಂಪ್ಯೂಟರ್) ಆ ಪೊಸಿಷನ್ ಹೇಗೋ ತಡೆದುಕೊಳ್ಳಬಹುದು, ಹತ್ತು ವರ್ಷದ ಮಗುವಿಗೆ ಆಗಲ್ಲ.

ಐದನೇ ನಡೆಗೆ ವಾಪಸ್ ಹೊಡೆಯುವ ಬದಲು ಕುದುರೆ ಎ5 ಆಡಿಸಿ. ಒಂಟೆ ಬಿ5 ಚೆಕ್, ಸಿ6, ಹೊಡೆದಾಟ. ಒಂದು ಪಾನ್ ಹೋಗುತ್ತದೆ, ಹೋಗಲಿ. ಒಂಟೆ ಇ2ಕ್ಕೆ ಹಿಂದೆ ಸರಿದರೆ ಎಚ್6, ಆಮೇಲೆ ಇ4, ಬಿಳಿ ಕುದುರೆ ಓಡುತ್ತಲೇ ಇರಬೇಕು. ಡಿ3ಕ್ಕೆ ಹೋದರೆ ಮಾತ್ರ ಇ4 ಅಷ್ಟು ಸುಲಭಕ್ಕೆ ಸಿಗಲ್ಲ, ಅದನ್ನು ಬೇರೆಯಾಗಿ ನೋಡಿ. ಇದೆಲ್ಲ ಜಾಸ್ತಿ ಆಯ್ತು ಅನ್ನಿಸಿದರೆ ಮೂರನೇ ನಡೆಗೇ ಒಂಟೆ ಸಿ5. ಆಗ ಜಿ5ಕ್ಕೆ ಬಂದ ಕುದುರೆಯನ್ನು ಮಂತ್ರಿಯೇ ತಿನ್ನುತ್ತದೆ.

ಕೋರ್ಸ್ ಬಾಯಿಪಾಠ ಮಾಡಿಸಬೇಡಿ. 1987ರಲ್ಲಿ ವರ್ಲ್ಡ್ ಜೂನಿಯರ್ ಗೆದ್ದ ಆನಂದ್, ಮರುವರ್ಷ ಬೀಲ್‌ನಲ್ಲಿ ಜಪಾಟಾ ಎದುರು ಪೆಟ್ರಾಫ್ ಓಪನಿಂಗ್ ಆಡಿ ಆರೇ ನಡೆಗೆ ರಿಸೈನ್ ಮಾಡಿದರು. ಐದನೇ ನಡೆ ಒಂಟೆ ಎಫ್5. ಮಂತ್ರಿ ಇ2ಕ್ಕೆ ಬಂತು, ಇ4 ಕುದುರೆ ಪಿನ್ (ಅಲುಗಿದರೆ ಹಿಂದಿನ ರಾಜನಿಗೆ ಚೆಕ್), ಮುಗೀತು. ಅದೇ ನಡೆ ಅದಕ್ಕೂ ಮುಂಚೆ ಮೈಲ್ಸ್-ಕ್ರಿಸ್ಟಿಯನ್ಸೆನ್ ಆಟದಲ್ಲಿ ಬಂದು ಡ್ರಾ ಆಗಿತ್ತು, ಅದನ್ನೇ ನಂಬಿ ಆಡಿದ್ದು. ಅವರಿಗೇ ಹಾಗಾದರೆ ನಮ್ಮ ಮಕ್ಕಳ ಗತಿ ಏನು ಹೇಳಿ.

ನಾನು ಮಗನಿಗೆ ಒಂದು 200 ಪುಟದ ನೋಟ್‌ಬುಕ್ ಕೊಟ್ಟಿದ್ದೇನೆ. ಎಡಕ್ಕೆ ನಡೆ, ಬಲಕ್ಕೆ 'ಯಾಕೆ' ಅಂತ ಒಂದೇ ಸಾಲು. ಸಾಲು ಬರೆಯಲು ಬರದಿದ್ದರೆ ಆ ನಡೆ ಟೂರ್ನಿಯಲ್ಲಿ ಆಡುವಂತಿಲ್ಲ. ವಾರಕ್ಕೆ ಮೂರು ನಡೆ ದಾಟಿದರೆ ಹೆಚ್ಚು. ಲಿಚೆಸ್ ವೆಬ್‌ಸೈಟಿನ ಸ್ಟಡಿ ಪುಕ್ಕಟೆ ಇದೆ, ಸುಮ್ನೆ ದುಡ್ಡು ಸುರಿಯಬೇಡಿ. ದುಡ್ಡಿದ್ದರೆ ಡಿಜಿಟಿ ಕಂಪನಿಯ ಚೆಸ್ ಕ್ಲಾಕ್ ತಗೊಳ್ಳಿ, ಮೊಬೈಲ್ ಬಿಟ್ಟು ಬೋರ್ಡ್ ಮೇಲೆ ಆಡಿಸಿ.

ಇನ್ನೊಂದು. ಶೀಟ್‌ನಲ್ಲಿ ಅವಳು ನಡೆ ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದಾಳೆ. ಮೊದಲು ಆಡಬೇಕು, ಆಮೇಲೆ ಬರೆಯಬೇಕು. ಆರ್ಬಿಟರ್ (ತೀರ್ಪುಗಾರ) ನೋಡಿದರೆ ಬೈಸಿಕೊಳ್ಳಬೇಕಾಗುತ್ತದೆ. ಎಲ್ಲದರ ಜೊತೆ, ಸಿಲ್ಕ್ ಬೋರ್ಡ್ ದಾಟಿ ಬರುವವರು ನೀವು, ಮೊದಲ ರೌಂಡಿಗೆ ಒಂದು ಗಂಟೆ ಮುಂಚೆಯೇ ಹೊರಡಿ.